ಕಬ್ಬನ್ ಪಾರ್ಕಿನ ಸುತ್ತ ಒಂದು ನಿಧಾನದ ವಾರಾಂತ್ಯ

ಮದುವೆ, ಆಸ್ಪತ್ರೆ, ಸಂದರ್ಶನ ಎಂದು ಬೆಂಗಳೂರಿಗೆ ಬಂದು, ಕೆಲಸ ಮುಗಿದೊಡನೆ ರಾತ್ರಿಯ ರೈಲು ಹಿಡಿಯುವ ನಮ್ಮಂಥ ಧಾರವಾಡದವರಿಗೆ ಆ ಊರನ್ನು ಸಾವಧಾನವಾಗಿ ನೋಡುವ ಅವಕಾಶ ಸಿಗುವುದು ಕಡಿಮೆ. ಸೋಮವಾರದ ರಜೆ ಕೂಡಿ ಬಂದ ವಾರಾಂತ್ಯವೊಂದನ್ನು ನಾನೂ ನನ್ನ ಪತ್ನಿಯೂ ಓದು, ವಸ್ತುಸಂಗ್ರಹಾಲಯ ಮತ್ತು ಸಿನಿಮಾಗಳಿಗೆಂದೇ ಮೀಸಲಿಟ್ಟೆವು. ಹಾಗೆ ಹೋಗಬೇಕೆಂದಿರುವವರು ಊರೆಲ್ಲ ಸುತ್ತುವ ಆಸೆಯನ್ನು ಮೊದಲು ಬಿಡಬೇಕು. ಕಬ್ಬನ್ ಪಾರ್ಕ್, ಕಸ್ತೂರಬಾ ರಸ್ತೆ ಮತ್ತು ಚರ್ಚ್ ಸ್ಟ್ರೀಟ್ ನಡಿಗೆಯ ಅಂತರದಲ್ಲಿಯೇ ಇರುವುದರಿಂದ ಇಷ್ಟು ವ್ಯಾಪ್ತಿಯೊಳಗೆ ಎರಡು ದಿನ ತುಂಬಿಹೋಗುತ್ತವೆ. ಅಲ್ಲಿ ವಸತಿ ದುಬಾರಿಯೆನಿಸಿದರೆ ಮೆಜೆಸ್ಟಿಕ್ ಬಳಿ ಕೋಣೆ ಹಿಡಿಯಬಹುದು. ನೇರಳೆ ಮಾರ್ಗದ ಮೆಟ್ರೊದಲ್ಲಿ ಅಲ್ಲಿಂದ ಕಬ್ಬನ್ ಪಾರ್ಕ್ ಮೂರನೆಯ ನಿಲ್ದಾಣ.

ದಿನಗಳನ್ನು ಹೊಂದಿಸುವಾಗ ಒಂದು ಸಂಗತಿಯನ್ನು ಮರೆಯಬಾರದು. ಸರ್ಕಾರಿ ವಸ್ತುಸಂಗ್ರಹಾಲಯ, ಆಧುನಿಕ ಕಲೆಯ ರಾಷ್ಟ್ರೀಯ ಗ್ಯಾಲರಿ, ಮ್ಯಾಪ್ ಎಂಬ ಕಲೆ ಮತ್ತು ಛಾಯಾಗ್ರಹಣದ ಖಾಸಗಿ ವಸ್ತುಸಂಗ್ರಹಾಲಯ ಹಾಗೂ ರಾಜ್ಯ ಕೇಂದ್ರ ಗ್ರಂಥಾಲಯ ಇವೆಲ್ಲವಕ್ಕೂ ಸೋಮವಾರವೇ ರಜೆ. ಆದ್ದರಿಂದ ಇವುಗಳನ್ನು ಶನಿವಾರ ಮತ್ತು ಭಾನುವಾರ ನೋಡಿಬಿಡಬೇಕು.

ಶನಿವಾರ ಬೆಳಗ್ಗೆ ಕಬ್ಬನ್ ಪಾರ್ಕಿನ ಮರಗಳ ಕೆಳಗೆ ಚಾಪೆ ಹಾಸಿಕೊಂಡು ಮೌನವಾಗಿ ಓದುವವರ ಗುಂಪೊಂದು ಸೇರುತ್ತದೆ. ಪುಸ್ತಕ, ಹಾಸಲು ಒಂದು ಬಟ್ಟೆ, ನೀರಿನ ಬಾಟಲಿ ಒಯ್ದರೆ ಸಾಕು. ನೀವು ಯಾರು, ಏನು ಓದುತ್ತಿದ್ದೀರಿ ಎಂದು ಯಾರೂ ವಿಚಾರಿಸುವುದಿಲ್ಲ. ನೆಲದ ಮೇಲೆ ಕೂರಲು ಕಷ್ಟಪಡುವ ಹಿರಿಯರಿದ್ದರೆ ಉದ್ಯಾನದೊಳಗೇ ಇರುವ ಶೇಷಾದ್ರಿ ಅಯ್ಯರ್ ಸ್ಮಾರಕದ ಕೆಂಪು ಕಟ್ಟಡಕ್ಕೆ, ಅಂದರೆ ಕೇಂದ್ರ ಗ್ರಂಥಾಲಯಕ್ಕೆ, ಕರೆದೊಯ್ಯಿರಿ.

ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ 1865ರಲ್ಲಿ ಆರಂಭವಾದದ್ದು. ನವೀಕರಣಕ್ಕಾಗಿ ಅದು ಮುಚ್ಚಿರುವುದುಂಟು, ಆದ್ದರಿಂದ ವಿಚಾರಿಸಿಯೇ ಹೊರಡುವುದು ಲೇಸು. ಇದೊಂದನ್ನು ಮಾತ್ರ ಬಿಡಬೇಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣ ಅಲ್ಲಿರುವ ಆತಕೂರಿನ ಕಲ್ಲು. ಮಂಡ್ಯ ಜಿಲ್ಲೆಯಿಂದ ಬಂದ, ಕ್ರಿ.ಶ. 949–50ರ ಈ ಹಳಗನ್ನಡ ಶಾಸನ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಮಡಿದದ್ದನ್ನು ಹೇಳುತ್ತದೆ. ಆ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನಿಗೆ ಗಂಗರ ಬೂತುಗನು ಬೇಕಾದದ್ದನ್ನು ಕೇಳು ಎಂದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಎರಡೂ ಸತ್ತುಬಿದ್ದಾಗ, ಅದರ ನೆನಪಿಗೆ ಆತಕೂರಿನ ದೇವಾಲಯದ ಮುಂದೆ ಈ ಕಲ್ಲನ್ನು ನಿಲ್ಲಿಸಿದರು. ನಾಯಿ ಮತ್ತು ಹಂದಿ ಒಂದಕ್ಕೊಂದು ಮೇಲೆಬಿದ್ದು ಸೆಣಸುವ ಚಿತ್ರವನ್ನು ಕಲ್ಲಿನ ಮೇಲೆಯೇ ಕಡೆದಿದ್ದಾರೆ. ಅದರ ಸುತ್ತಮುತ್ತ ರಾಜರ ಬಿರುದುಗಳು, ಯುದ್ಧದ ವೃತ್ತಾಂತ. ಸಾಮ್ರಾಜ್ಯಗಳ ಇತಿಹಾಸವೂ ಒಂದು ನಾಯಿಯ ಸಾವೂ ಒಂದೇ ಕಲ್ಲಿನಲ್ಲಿ ಇಷ್ಟು ಗೌರವದಿಂದ ಸೇರಿರುವುದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಈ ಕಥೆಯನ್ನು ಓದಿಕೊಂಡು ಹೋದರೆ ಕಲ್ಲಿನ ಮುಂದೆ ಅರ್ಧ ಗಂಟೆ ಸರಿದದ್ದೇ ತಿಳಿಯದು.

ಅದೇ ರಸ್ತೆಯಲ್ಲಿರುವ ಮ್ಯಾಪ್ 2023ರಲ್ಲಿ ತೆರೆಯಿತು. ಅದರ ಸಂಗ್ರಹದಲ್ಲಿ ಹಳೆಯ ಸಿನಿಮಾ ಪೋಸ್ಟರುಗಳೂ ಇವೆಯಾದರೂ ಪ್ರದರ್ಶನಗಳು ಬದಲಾಗುತ್ತಿರುತ್ತವೆ. ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿರುವ ರಾಷ್ಟ್ರೀಯ ಗ್ಯಾಲರಿಯನ್ನು ಭಾನುವಾರದ ಬೆಳಗಿಗೆ ಉಳಿಸಿಕೊಳ್ಳಿ. ಅಲ್ಲಿಗೆ ಆಟೊ ಬೇಕಾಗುತ್ತದೆ. ಅಲ್ಲಿ ಚಿತ್ರಗಳಷ್ಟೇ ಹಿತವೆನಿಸಿದ್ದು ಆವರಣದ ದೊಡ್ಡ ಮರಗಳ ನೆರಳು. ಒಂದು ದಿನಕ್ಕೆ ಎರಡಕ್ಕಿಂತ ಹೆಚ್ಚು ಸಂಗ್ರಹಾಲಯ ಬೇಡ. ಮೂರನೆಯದನ್ನು ಹೊಕ್ಕಾಗ ಕಾಲುಗಳಿಗಿಂತ ಮೊದಲು ಕಣ್ಣು ದಣಿದಿರುತ್ತದೆ.

ಸಂಜೆಗಳು ಪುಸ್ತಕದಂಗಡಿಗಳಿಗೆ. ಚರ್ಚ್ ಸ್ಟ್ರೀಟಿನ ಬ್ಲಾಸಮ್ ಮತ್ತು ಬುಕ್‌ವರ್ಮ್‌ಗಳಲ್ಲಿ ಹಳೆಯ ಇಂಗ್ಲಿಷ್ ಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ. ಕನ್ನಡ ಪುಸ್ತಕಗಳನ್ನು ಸಮಾಧಾನವಾಗಿ ಆರಿಸಬೇಕಾದರೆ ಗಾಂಧಿ ಬಜಾರಿನ ಅಂಕಿತಕ್ಕೆ ಹೋಗಬೇಕು. ಹಸಿರು ಮಾರ್ಗದ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ನಡೆದೇ ತಲುಪಬಹುದು. ಹತ್ತಿರದಲ್ಲೇ ಇರುವ ವಿದ್ಯಾರ್ಥಿ ಭವನದ ದೋಸೆಗೆ ರಜಾದಿನಗಳಲ್ಲಿ ಬಹಳ ಹೊತ್ತು ಕಾಯಬೇಕಾಗುತ್ತದೆ. ಆಗಷ್ಟೇ ಕೊಂಡ ಪುಸ್ತಕದ ಮುನ್ನುಡಿ ಓದಲು ಆ ಹೊತ್ತು ಒದಗುತ್ತದೆ.

ಸಿನಿಮಾದ ವಿಷಯದಲ್ಲಿ ನನ್ನ ಒಲವು ಒಂದೇ ಪರದೆಯ ಚಿತ್ರಮಂದಿರಗಳ ಕಡೆಗೆ. ಎಂ.ಜಿ. ರಸ್ತೆಯ ಪ್ಲಾಜಾ ಮೆಟ್ರೊಗಾಗಿ ನೆಲಸಮವಾಯಿತು, ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಗೆ ಮುಚ್ಚಿತು. ಉಳಿದವುಗಳಲ್ಲಿ ಲಾಲ್‌ಬಾಗ್ ಬಳಿಯ ಊರ್ವಶಿ ದೊಡ್ಡದು. ತುಂಬಿದ ಸಭಾಂಗಣದಲ್ಲಿ ಕನ್ನಡ ಚಿತ್ರ ನೋಡುವ ಸಂತೋಷವೇ ಬೇರೆ; ಆದರೆ ಬಿಡುಗಡೆಯ ವಾರದ ಟಿಕೆಟನ್ನು ಮುಂಗಡವಾಗಿ ಕಾಯ್ದಿರಿಸಿ.

ಸೋಮವಾರಕ್ಕೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಇದೆ. ವರ್ಷದಲ್ಲಿ ಕೆಲವೇ ದಿನ ಬಿಟ್ಟರೆ ಅದು ತೆರೆದಿರುತ್ತದೆ. ಮಕ್ಕಳಿದ್ದರೆ ಅರ್ಧ ದಿನ ಬೇಕು, ದೊಡ್ಡವರಷ್ಟೇ ಆದರೆ ಎರಡು ಗಂಟೆ ಸಾಕು. ಕೋಣೆ ಬಿಟ್ಟ ಮೇಲೆ ಸಾಮಾನನ್ನು ರೈಲು ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಇಡಬಹುದು, ಆದರೆ ಬೀಗ ಹಾಕದ ಚೀಲವನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ. ಪುಸ್ತಕ ತುಂಬಿದ ಬಟ್ಟೆಯ ಚೀಲಗಳಿಗಾಗಿ ಮನೆಯಿಂದಲೇ ಜಿಪ್ ಇರುವ ಖಾಲಿ ಬ್ಯಾಗೊಂದನ್ನೂ ಸಣ್ಣ ಬೀಗವನ್ನೂ ಒಯ್ಯಿರಿ. ಹಾಗೆ ಮಾಡಿದರೆ ಗಾಂಧಿನಗರದಲ್ಲಿ ಸಂಜೆಯ ಆಟವನ್ನೂ ಮುಗಿಸಿ, ನಡೆದುಕೊಂಡೇ ರಾತ್ರಿಯ ರೈಲಿಗೆ ಬರಬಹುದು.