ಭಾವನ ಲೆಕ್ಕ, 29 ಜಿಬಿ ಜಾಗ

ಮಂಡ್ಯದ ಭಾವ ದಸರೆಗೆ ಮೈಸೂರಿಗೆ ಬಂದವರು ಅಚ್ಚುಬೆಲ್ಲದ ಚೀಲದ ಜೊತೆ ತಮ್ಮ ಪುಟ್ಟ ಲ್ಯಾಪ್‌ಟಾಪನ್ನೂ ನಮ್ಮ ಮನೆಯಲ್ಲಿ ಬಿಟ್ಟುಹೋದರು. ಆಲೆಮನೆಯ ಲೆಕ್ಕವೆಲ್ಲ ಅದರಲ್ಲಿದೆ. 2 ಜಿಬಿ ರ‍್ಯಾಮ್. 32 ಜಿಬಿಯ ಇಎಂಎಂಸಿ ಎಂಬ ಸಂಗ್ರಹ ಚಿಪ್ಪನ್ನು ಬೋರ್ಡಿಗೇ ಬೆಸೆದಿದ್ದಾರೆ, ಬಿಚ್ಚಿ ದೊಡ್ಡದನ್ನು ಹಾಕುವಂತಿಲ್ಲ. ಹೆಸರಿಗೆ 32, ತೋರಿಸುವುದು 29. ಅದರಲ್ಲಿ ವಿಂಡೋಸ್ 10 ಉಳಿಸಿದ್ದು ಒಂದೂವರೆ ಜಿಬಿ. 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲವೂ ಮುಗಿಯಿತು. ವಿಂಡೋಸ್ 11 ಕನಿಷ್ಠ 64 ಜಿಬಿ ಕೇಳುತ್ತದೆ. ವಿಂಡೋಸ್ ಬದಲು ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಹಾಕೋಣ ಎಂದೆ. “ಲೆಕ್ಕ ಕನ್ನಡದಲ್ಲಿದೆ ಕಣಯ್ಯಾ, ಅದು ಕೆಟ್ಟರೆ ಕಬ್ಬು ಕೊಟ್ಟವರಿಗೆ ಏನು ಹೇಳಲಿ?” ಎಂದರು.

ಮೊದಲ ಭಾನುವಾರ: ಕಡತಗಳನ್ನು ಎರಡು ಪೆನ್‌ಡ್ರೈವ್‌ಗಳಿಗೆ ನಕಲು ಮಾಡಿದೆ. ಹೊಸ ವ್ಯವಸ್ಥೆಯ ಪೆನ್‌ಡ್ರೈವ್ ಚುಚ್ಚಿದರೆ ಯಂತ್ರ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ರಾತ್ರಿ ಹನ್ನೊಂದಕ್ಕೆ ಕಾರಣ ಹೊಳೆಯಿತು: ಪ್ರೊಸೆಸರ್ 64 ಬಿಟ್, ಯಂತ್ರ ಹಚ್ಚಿದೊಡನೆ ಅದನ್ನು ಎಬ್ಬಿಸುವ ತಂತ್ರಾಂಶವಾದ ಯುಇಎಫ್‌ಐ ಮಾತ್ರ 32 ಬಿಟ್. ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ 12ರ 64 ಬಿಟ್ ಪ್ರತಿಯಲ್ಲಿ ಎರಡೂ ಬಗೆಯ ಯುಇಎಫ್‌ಐಗೆ ವ್ಯವಸ್ಥೆಯನ್ನು ಶುರುಮಾಡುವ ಬೂಟ್‌ಲೋಡರ್ ಇದೆ. ಅದನ್ನು ಬರೆದುಕೊಂಡು ಮಲಗಿದೆ.

ಎರಡನೆಯ ಭಾನುವಾರ: ಡೆಬಿಯನ್ ಕೂತಿತು, ಹಗುರವಾದ ಎಲ್‌ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪ್ ಸಮೇತ. ರ‍್ಯಾಮ್ ಸಾಲದಾದಾಗ ನೆರವಿಗೆ ಬರುವ ಸ್ವಾಪ್‌ಗೆ ಡಿಸ್ಕಿನಲ್ಲಿ ಜಾಗ ಕೊಡಲಿಲ್ಲ. ರ‍್ಯಾಮಿನೊಳಗೇ ದತ್ತಾಂಶವನ್ನು ಕುಗ್ಗಿಸಿಡುವ ಝಡ್‌ರ‍್ಯಾಮ್ ಸಾಕು. ಎಕ್ಸ್ಟ್4 ಕಡತವ್ಯವಸ್ಥೆ ಶೇ 5ರಷ್ಟು ಜಾಗವನ್ನು ಯಂತ್ರದ ಮೇಲ್ವಿಚಾರಕನಾದ ರೂಟ್ ಬಳಕೆದಾರನಿಗೆಂದು ಎತ್ತಿಡುತ್ತದೆ. ಇಲ್ಲಿ ಅದೇ ಹತ್ತಿರ ಹತ್ತಿರ ಒಂದೂವರೆ ಜಿಬಿ, ವಿಂಡೋಸ್ ಉಳಿಸಿದ್ದಷ್ಟು! ಶೇ 1ಕ್ಕೆ ಇಳಿಸಿದೆ. ಇಳಿಸಿಕೊಂಡ ಪ್ಯಾಕೇಜುಗಳ ನಕಲನ್ನು ಅಳಿಸಿದೆ. ಆಫೀಸ್ ತಂತ್ರಾಂಶವೂ ಸೇರಿ ಒಟ್ಟು 6 ಜಿಬಿ ಮುಟ್ಟಲಿಲ್ಲ.

ಕನ್ನಡಕ್ಕೆ ಹಿಡಿದ ಜಾಗ ಇಷ್ಟೇ ಎಂದರೆ ಭಾವ ನಂಬಲಿಲ್ಲ. ಕಗಪ ಕೀಲಿಮಣೆ ವಿನ್ಯಾಸ ವ್ಯವಸ್ಥೆಯೊಳಗೇ ಇದೆ, ಆರಿಸಿಕೊಂಡರಾಯಿತು. ಗುಬ್ಬಿ, ನವಿಲು ಫಾಂಟುಗಳ ತೂಕ ಲೆಕ್ಕಕ್ಕಿಲ್ಲ.

ಆದರೆ ಭಾವನ ಭಯ ಸುಳ್ಳಾಗಿರಲಿಲ್ಲ. ಹಳೆಯ ‘ನುಡಿ’ ತಂತ್ರಾಂಶದ ಫಾಂಟಿನ ಲೆಕ್ಕ ತೆರೆದರೆ ಇಂಗ್ಲಿಷ್ ಅಕ್ಷರಗಳ ಹುಲ್ಲುಮೆದೆ. ಆ ಕಡತಗಳು ಯೂನಿಕೋಡ್ (ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತ ಕೊಡುವ ಪದ್ಧತಿ) ಅಲ್ಲ; ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ರೂಪ ತೊಡಿಸಿದಂಥವು. ಫಾಂಟ್ ಕಳಚಿದರೆ ವೇಷವೂ ಕಳಚುತ್ತದೆ. ಅಂಕಿಗಳು ಮಾತ್ರ ಕೆಡದೆ ನಿಂತಿದ್ದವು: ಬಾಕಿ ಎಷ್ಟೆಂದು ತಿಳಿಯುತ್ತಿತ್ತು, ಯಾರದೆಂದು ತಿಳಿಯುತ್ತಿರಲಿಲ್ಲ. ಯೂನಿಕೋಡ್ ಪರಿವರ್ತಕಕ್ಕೆ ಹಾಕಿದೆ. ಅರ್ಕಾವತ್ತು ಇದ್ದ ಕೆಲವು ಹೆಸರುಗಳು ಸೊಟ್ಟಗಾದವು. ಭಾವ ಫೋನಿನಲ್ಲಿ ಒಂದೊಂದೇ ಹೆಸರು ಹೇಳುತ್ತ, ನಡುವೆ ಆ ಮನುಷ್ಯನ ಮೂರು ತಲೆಮಾರಿನ ಕಥೆಯನ್ನೂ ಹೇಳುತ್ತ ಹೋದರು. ಈ ಕೆಲಸಕ್ಕೇ ಮೂರು ಸಂಜೆ ಹಿಡಿಯಿತು.

ಇವತ್ತು: ಪ್ರಿಂಟರ್ ಇನ್ನೂ ಜೋಡಿಸಿಲ್ಲ. ಖಾಲಿ ಜಾಗ 21 ಜಿಬಿ. ಭಾವನಿಗೆ ಹೆಮ್ಮೆಯಿಂದ ಹೇಳಿದೆ. “ಅಷ್ಟು ಖಾಲಿ ಇದ್ದರೆ ನಾಲ್ಕು ಸಿನಿಮಾ ತುಂಬಿಸಿ ಕಳಿಸು” ಎಂದರು.