ಆ 15 ನಿಮಿಷ ಯಾರ ತಲೆಗೆ?

ಕಂಕನಾಡಿಯಲ್ಲೋ ಮಣಿಪಾಲದಲ್ಲೋ ಒಂದು ಮೆಡಿಕಲ್ ಕೌಂಟರ್ ಅಂತ ಇಟ್ಟುಕೊಳ್ಳಿ. ಬೆಳಗ್ಗಿನ ಶಿಫ್ಟ್ 6ರಿಂದ 2, ಮಧ್ಯಾಹ್ನದ್ದು 2ರಿಂದ 10. ಎರಡನೆಯವರು ಬಂದ ಕೂಡಲೇ ಮೊದಲನೆಯವರು ಹೊರಡುವ ಹಾಗಿಲ್ಲ. ಕ್ಯಾಶ್ ಎಣಿಸಬೇಕು, ಕಾರ್ಡ್ ಸ್ಲಿಪ್ಪು, ಯುಪಿಐ ಮೊತ್ತ ತಾಳೆ ನೋಡಬೇಕು, ಫ್ರಿಜ್ಜಿನಲ್ಲಿರುವ ಇನ್ಸುಲಿನ್ ಲೆಕ್ಕ ಒಪ್ಪಿಸಬೇಕು, ಬೀಗದ ಕೈ ಕೊಡಬೇಕು. ಚುರುಕಾಗಿ ಮಾಡಿದರೂ 10 ನಿಮಿಷ. ಊರಿಗೆ ಹೋಗುವ ಬಸ್ಸು 2.20ಕ್ಕೆ, ಅದು ತಪ್ಪಿದರೆ 3ಕ್ಕೆ. ಬರುವವರು 2.15ಕ್ಕೆ ಬಂದರೆ ಕೌಂಟರ್ ಬಿಡುವಾಗ 2.25. ಒಬ್ಬರ 15 ನಿಮಿಷದ ಲೇಟು ಇನ್ನೊಬ್ಬರಿಗೆ 40 ನಿಮಿಷವಾಗುವುದು ಹೀಗೆ. ಹಾಜರಿ ಪುಸ್ತಕದಲ್ಲಿ ಮಾತ್ರ ಕಾಣುವುದು ಆ 15 ಒಂದೇ. ಬಸ್ಸು ತಪ್ಪಿಸಿಕೊಂಡು ಸ್ಟಾಪಿನಲ್ಲಿ ನಿಂತವರ ಹೆಸರು ಅದರಲ್ಲಿ ಎಲ್ಲೂ ಇರುವುದಿಲ್ಲ.

ಇಲ್ಲಿ ಶಿಫ್ಟ್ ಪಟ್ಟಿಯದ್ದೇ ಒಂದು ತಪ್ಪುಂಟು. 2ಕ್ಕೆ ಮುಗಿದು 2ಕ್ಕೇ ಶುರುವಾಗುವ ಪಟ್ಟಿಯಲ್ಲಿ ವಹಿಸಿಕೊಡುವ ಕೆಲಸಕ್ಕೆ ಸಮಯವೇ ಇಲ್ಲ. ಬರುವವರು ಸರಿಯಾಗಿ ಬಂದರೂ ಹೋಗುವವರು 10 ನಿಮಿಷ ಪುಕ್ಕಟೆ ದುಡಿಯುತ್ತಾರೆ. ಎರಡನೇ ಶಿಫ್ಟನ್ನು 1.50ಕ್ಕೆ ಶುರು ಮಾಡಿ, ಆ 10 ನಿಮಿಷವನ್ನು ಸಂಬಳದ ಲೆಕ್ಕಕ್ಕೆ ಸೇರಿಸಿದರೆ ಅರ್ಧ ಜಗಳ ಅಲ್ಲಿಗೇ ತಣ್ಣಗಾಗುತ್ತದೆ. ಮ್ಯಾನೇಜರುಗಳು ಇದನ್ನು ಖರ್ಚು ಅಂದುಕೊಳ್ಳುತ್ತಾರೆ. ಖರ್ಚು ಈಗಲೂ ಆಗುತ್ತಿದೆ, ಕೊಡುತ್ತಿರುವುದು ಕೆಲಸದವರು.

ಯಾರನ್ನಾದರೂ ಲೇಟು ಅನ್ನುವ ಮೊದಲು ಹಾಜರಿಗೆ ಬೆರಳೊತ್ತುವ ಪಂಚಿಂಗ್ ಮೆಷಿನ್ ನೋಡಿ. ಅದರ ಗಡಿಯಾರ ಮೊಬೈಲಿಗಿಂತ ಮೂರು ನಾಲ್ಕು ನಿಮಿಷ ಮುಂದಿರುವುದು ಅಪರೂಪವಲ್ಲ. ಒಂದೇ ಮೆಷಿನ್, 60 ಜನ, ತಲೆಗೆ 6 ಸೆಕೆಂಡ್ ಅಂದರೆ ಸಾಲಿನ ಕೊನೆಯವರಿಗೆ 6 ನಿಮಿಷ ಸಾಲಿನಲ್ಲೇ ಹೋಯಿತು. ಮಳೆಗಾಲದಲ್ಲಿ ನೆಂದು ಸುಕ್ಕಾದ ಬೆರಳನ್ನು ಸೆನ್ಸರ್ ಹಿಡಿಯುವುದಿಲ್ಲ. ಗೇರುಬೀಜದ ಫ್ಯಾಕ್ಟರಿಯಲ್ಲಿ ಸಿಪ್ಪೆಯ ಎಣ್ಣೆ ತಾಗಿ ತಾಗಿ ಬೆರಳಿನ ಗೆರೆಯೇ ಸವೆದವರಿಗೆ ವರ್ಷವಿಡೀ ಇದೇ ಪಾಡು. ಅಂಥವರಿಗೆ ಕಾರ್ಡೋ ಮುಖ ಗುರುತಿಸುವ ಮೆಷಿನ್ನೋ ಕೊಡಬೇಕು, ಅದಾಗುವವರೆಗೆ ಗೇಟಿನ ಪುಸ್ತಕದಲ್ಲಿ ಬರೆದ ಸಮಯವನ್ನೇ ಒಪ್ಪಬೇಕು.

ಇನ್ನು ಮೂರು ಲೇಟಿಗೆ ಅರ್ಧ ದಿನ ಕಟ್ ಎಂಬ ನಿಯಮ. ತಿಂಗಳಿಗೆ 18,000 ಸಂಬಳ, 26 ದಿನ, ದಿನಕ್ಕೆ 8 ಗಂಟೆ ಅಂದರೆ ಗಂಟೆಗೆ ಸುಮಾರು 86 ರೂಪಾಯಿ. 10 ನಿಮಿಷದ ಮೂರು ಲೇಟು ಸೇರಿ 30 ನಿಮಿಷ, ಅದರ ಬೆಲೆ 43 ರೂಪಾಯಿ. ಕತ್ತರಿಸುವುದು 346. ಗೈರುಹಾಜರಿಗೆ ಕಡಿತ ಮಾಡುವುದಾದರೆ ಅದು ಇಲ್ಲದ ಸಮಯದ ಪ್ರಮಾಣವನ್ನು ಮೀರಬಾರದು ಎಂದು 1936ರ ವೇತನ ಪಾವತಿ ಕಾಯ್ದೆಯಲ್ಲೇ ಇತ್ತು, 2019ರ ವೇತನ ಸಂಹಿತೆಯಲ್ಲೂ ಇದೆ. ದಂಡ ಬೇರೆ ವಿಷಯ: ಯಾವ ತಪ್ಪಿಗೆ ದಂಡ ಎಂದು ಮೊದಲೇ ನೋಟಿಸ್ ಹಾಕಿರಬೇಕು, ಕೆಲಸದವರ ವಿವರಣೆ ಕೇಳಬೇಕು, ಒಟ್ಟು ಮೊತ್ತ ಆ ಅವಧಿಯ ವೇತನದ ಶೇಕಡಾ 3 ದಾಟಬಾರದು. 18,000ಕ್ಕೆ ಅದು 540. ಕಾನೂನು ಬದಿಗಿಟ್ಟರೂ ಈ ನಿಯಮ ದಡ್ಡತನದ್ದು. ಮೂರನೇ ಸಲ 5 ನಿಮಿಷ ತಡವಾಗುತ್ತದೆ ಎಂದು ಗೊತ್ತಾದವರು ಹೇಗೂ ಅರ್ಧ ದಿನ ಹೋಯಿತಲ್ಲ ಅಂತ ಊಟ ಮಾಡಿಯೇ ಬರುತ್ತಾರೆ. ಕೌಂಟರಿನಲ್ಲಿ ಕಾಯುವವರ ಗತಿ?

ರೆಡ್ ಅಲರ್ಟ್ ಬಂದು ಜಿಲ್ಲಾಧಿಕಾರಿ ಶಾಲೆ, ಅಂಗನವಾಡಿಗಳಿಗೆ ರಜೆ ಕೊಟ್ಟ ದಿನ ಇನ್ನೊಂದು ತಕರಾರು. ಆಫೀಸಿಗೆ ರಜೆ ಇಲ್ಲ. ಮಗುವನ್ನು ಅಜ್ಜಿಮನೆಗೆ ಬಿಟ್ಟು ಬರುವವರಿಗೆ ಮುಕ್ಕಾಲು ಗಂಟೆ ತಡ. ಅವರಿಗೆ ಮಾತ್ರ ವಿನಾಯಿತಿ ಕೊಟ್ಟರೆ "ಮಳೆ ಮಕ್ಕಳಿದ್ದವರಿಗೆ ಮಾತ್ರ ಬರುದಾ?" ಎಂಬ ಮಾತು ಬಂದೇ ಬರುತ್ತದೆ, ಅದರಲ್ಲಿ ನ್ಯಾಯವೂ ಉಂಟು. ಕೂಳೂರು ಸೇತುವೆಯ ವಾಹನಗಳ ಸಾಲಿನಲ್ಲಿ ಸಿಕ್ಕಿಬಿದ್ದವರೂ ಮಳೆಯಿಂದಲೇ ತಡವಾದವರು. ರಜೆ ಘೋಷಣೆಯಾದ ದಿನ ಎಲ್ಲರಿಗೂ 45 ನಿಮಿಷ ರಿಯಾಯಿತಿ, ಅವರಿಗಾಗಿ ನಿಂತವರಿಗೆ ಅಷ್ಟೇ ಹೊತ್ತು ಆ ವಾರದಲ್ಲೇ ವಾಪಸ್ ಎಂದು ಮೇ ತಿಂಗಳಲ್ಲೇ ಬರೆದು ಗೋಡೆಗೆ ಅಂಟಿಸಿ. ಹಬ್ಬಕ್ಕೂ ಇದೇ ಅಳತೆ ಇರಲಿ. ಊರಿನ ಭೂತದ ನೇಮದ ಮರುದಿನ 10 ಗಂಟೆಗೆ ಬಂದವರನ್ನು ನೋಡಿ ನಗುವ ಮ್ಯಾನೇಜರು (ರಾತ್ರಿ ಅವರೂ ಅಲ್ಲೇ ಇದ್ದವರು) ಸೆಪ್ಟೆಂಬರ್ 8ರಂದು ಕ್ರೈಸ್ತರ ಮೊಂತಿ ಫೆಸ್ಟ್ ಹಬ್ಬದ ಬಲಿಪೂಜೆ ಮುಗಿಸಿ ಅದೇ ಹೊತ್ತಿಗೆ ಬಂದವರಿಗೆ ಮೆಮೊ ಕೊಟ್ಟರೆ, ಆಮೇಲೆ ಅವರ ಯಾವ ನಿಯಮಕ್ಕೂ ಬೆಲೆ ಇರುವುದಿಲ್ಲ.

ನಿಮ್ಮ ಜೊತೆಯವರೇ ದಿನಾ ತಡ ಮಾಡುತ್ತಿದ್ದರೆ ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ. ಬೇರೆಯವರಿಲ್ಲದಾಗ ಬಸ್ಸಿನ ಮಾತನ್ನೇ ಎತ್ತಿ: "ಅಕ್ಕಾ, 2.20ರದ್ದು ತಪ್ಪಿದ್ರೆ ನಂಗೆ ಮತ್ತೆ 3ಕ್ಕೇ ಬಸ್ಸಿರುದು. ನೀವು ಸ್ವಲ್ಪ 2ಕ್ಕೆ ಸರಿಯಾಗಿ ಬಂದ್ರೆ ಉಪಕಾರ ಆಗ್ತಿತ್ತು." ಎಷ್ಟೋ ಸಲ ಅವರಿಗೆ ಆ ಬಸ್ಸಿನ ವಿಷಯವೇ ಗೊತ್ತಿರುವುದಿಲ್ಲ.

ಎರಡು ವಾರ ಕಳೆದರೂ ಬದಲಾಗದಿದ್ದರೆ ಒಂದು ನೋಟುಪುಸ್ತಕ ಇಡಿ. ತಾರೀಕು, ಬರಬೇಕಾದ ಸಮಯ, ಬಂದ ಸಮಯ, ಆ ಹೊತ್ತಿನಲ್ಲಿ ನೀವು ಮಾಡಿದ ಕೆಲಸ, ಇಷ್ಟೇ ಕಾಲಂ. ಎರಡು ಮೂರು ನಿಮಿಷದ್ದನ್ನೆಲ್ಲ ಬರೆಯಬೇಡಿ, ಬರೆದರೆ ದೊಡ್ಡದೂ ಹಗುರವಾಗುತ್ತದೆ. ನೀವು ತಡವಾದ ದಿನವೂ ಅದರಲ್ಲಿರಲಿ, ಇಲ್ಲದಿದ್ದರೆ ಮೊದಲ ಪ್ರಶ್ನೆಯೇ ಅದು. "ಯಾವಾಗಲೂ ಲೇಟು", "ಬೇಜವಾಬ್ದಾರಿ" ಎಂದು ಬರೆದ ಅರ್ಜಿ ವ್ಯಕ್ತಿಯ ಮೇಲಿನ ದೂರಾಗಿ ಬಿಡುತ್ತದೆ. ಮೇಲಿನವರು ಇಬ್ಬರನ್ನೂ ಕರೆದು ಹೊಂದಿಕೊಂಡು ಹೋಗಿ ಎಂದು ಕಳಿಸುತ್ತಾರೆ. 24 ದಿನದಲ್ಲಿ 11 ದಿನ, ಒಟ್ಟು 190 ನಿಮಿಷ ಹೆಚ್ಚು ನಿಂತಿದ್ದೇನೆ, ಶಿಫ್ಟ್ 10 ನಿಮಿಷ ಒಂದರ ಮೇಲೊಂದು ಬರುವ ಹಾಗೆ ಮಾಡಿಕೊಡಿ ಎಂದು ಬರೆದರೆ ಹಾಗೆ ಕಳಿಸುವುದು ಕಷ್ಟ.

20 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು, ಅದರಲ್ಲಿ ಆಡಳಿತದವರೂ ಕೆಲಸಗಾರರೂ ಸಮಸಂಖ್ಯೆಯಲ್ಲಿರಬೇಕು, ಅರ್ಜಿ 30 ದಿನದೊಳಗೆ ತೀರಬೇಕು. ಅರ್ಜಿಯ ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ತಾರೀಕು ಸಮೇತ ಸಹಿ ಹಾಕಿಸಿ ತನ್ನಿ. ಸಹಿ ಹಾಕಲು ಹಿಂಜರಿದರೆ ವಾದ ಬೇಡ, ಅದೇ ದಿನ ಅದನ್ನೇ ಇಮೇಲ್ ಮಾಡಿ. 30 ದಿನದ ಲೆಕ್ಕ ತೋರಿಸಲು ಆ ತಾರೀಕು ಬೇಕಾಗುತ್ತದೆ.