ವಿದ್ಯುತ್ ದರ ಏರಿದ ಮೇಲಲ್ಲ, ಏರುವ ಮುಂಚೆ: ಸಂಘದ ಕಚೇರಿ ಕೆಲಸದ ಪಾಠ

ಹೊಸ ದರದ ಬಿಲ್ಲು ಕೈಗೆ ಬಂದ ದಿನ ವ್ಯಾಪಾರಿ-ಕೈಗಾರಿಕಾ ಸಂಘದ ಕಚೇರಿಯ ಫೋನಿಗೆ ಬಿಡುವಿರುವುದಿಲ್ಲ. 'ಮಂತ್ರಿಗಳಿಗೆ ಒಂದು ಮನವಿ ಕೊಡಿ' ಎನ್ನುತ್ತಾರೆ ಸದಸ್ಯರು. ಆದರೆ ಮಾತು ಕೇಳಿಸಿಕೊಳ್ಳುವ ಬಾಗಿಲು ನಾಲ್ಕು ತಿಂಗಳ ಹಿಂದೆ ತೆರೆದು ಮುಚ್ಚಿರುತ್ತದೆ.

ಕರ್ನಾಟಕದಲ್ಲಿ ದರ ನಿಗದಿ ಮಾಡುವುದು ಮಂತ್ರಿಗಳಲ್ಲ, ಕೆಇಆರ್‌ಸಿ, ಅಂದರೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್ ಎಂಬ ವಿದ್ಯುತ್ ಸರಬರಾಜು ಕಂಪನಿಗಳು (ಎಸ್ಕಾಂಗಳು), ಜೊತೆಗೆ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಸಾಮಾನ್ಯವಾಗಿ ನವೆಂಬರ್ ಕೊನೆಗೆ ಅರ್ಜಿ ಹಾಕುತ್ತವೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 64ನೇ ಕಲಮಿನಂತೆ ಅರ್ಜಿಯ ಸಾರಾಂಶ ಪ್ರಕಟವಾಗಬೇಕು. ಸಾರ್ವಜನಿಕರ ಆಕ್ಷೇಪಣೆಗಳನ್ನು ಪರಿಗಣಿಸಿ ಆಯೋಗ 120 ದಿನದೊಳಗೆ ಆದೇಶ ಕೊಡಬೇಕು. ಆಕ್ಷೇಪಣೆ ಹಾಕಲು ನಮಗೆ ಸಿಗುವುದು ಹೆಚ್ಚೂಕಡಿಮೆ ಒಂದು ತಿಂಗಳು. ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಆ ಪ್ರಕಟಣೆ ಕಣ್ತಪ್ಪಿದರೆ ಆ ವರ್ಷದ ಕಥೆ ಮುಗಿಯಿತು. 2025ರ ಮಾರ್ಚ್ ಆದೇಶವಂತೂ 2027-28ರವರೆಗೆ ಮೂರು ವರ್ಷದ ದರ ಗೊತ್ತುಮಾಡಿತು. ಅಲ್ಲಿ ಅವಕಾಶ ತಪ್ಪಿಸಿಕೊಂಡವರ ನಷ್ಟ ಎಷ್ಟೆಂದು ಲೆಕ್ಕ ಹಾಕಿ.

2023ರ ಮೇ 12ರ ಆದೇಶ ಯೂನಿಟ್ಟಿಗೆ ಸರಾಸರಿ 70 ಪೈಸೆ ಏರಿಸಿತು, ಅದೂ ಏಪ್ರಿಲ್ 1ರಿಂದಲೇ ಜಾರಿ. ಜೂನ್ 22ಕ್ಕೆ ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ ಬಂದ್‌ಗೆ ಕರೆ ಕೊಟ್ಟಿತು. ಎಲ್ಲ ಸಂಘಟನೆಗಳೂ ಕೈಜೋಡಿಸಲಿಲ್ಲ. ಬಂದ್‌ನಿಂದ ಸುದ್ದಿಯಾಗುತ್ತದೆ, ಮುಖ್ಯಮಂತ್ರಿಗಳ ಜೊತೆ ಸಭೆಯೂ ಸಿಗಬಹುದು. ಆದರೆ ಆಯೋಗದ ಆದೇಶವನ್ನು ಸರ್ಕಾರ ತಾನಾಗಿ ರದ್ದು ಮಾಡುವ ಹಾಗಿಲ್ಲ. 65ನೇ ಕಲಮಿನಡಿ ಮುಂಗಡ ಹಣ ಕಟ್ಟಿ ಸಬ್ಸಿಡಿ ಕೊಡಬಹುದು, ಅಷ್ಟೇ. ಆದೇಶ ಒಪ್ಪದವರು 45 ದಿನದೊಳಗೆ ದೆಹಲಿಯ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು, ವಕೀಲರ ಖರ್ಚು ಬೇರೆ.

ಸಂಘ ಕಟ್ಟುವುದೇನೂ ದೊಡ್ಡದಲ್ಲ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ, ಒಂದು ಜ್ಞಾಪನಾಪತ್ರ, ಬೈಲಾ ಇದ್ದರೆ ಸಾಕು. ಕಷ್ಟ ಇರುವುದು ಚಂದಾ ವಸೂಲಿಯಲ್ಲಿ. ದರ ಇಳಿದರೆ ಪಕ್ಕದ ಶೆಡ್ಡಿನವನಿಗೂ ಇಳಿಯುತ್ತದೆ, ಅವನು ಒಂದು ರೂಪಾಯಿ ಕೊಟ್ಟಿರಲಿ ಬಿಡಲಿ. ಹೀಗಾಗಿ ಬರೀ 'ಹೋರಾಟ'ದ ಹೆಸರಿನಲ್ಲಿ ಯಾವ ಸಂಘವೂ ಬಹಳ ದಿನ ಬಾಳುವುದಿಲ್ಲ. ರಫ್ತು ಮಾಡುವವರಿಗೆ ಸರಕು ಯಾವ ದೇಶದ್ದೆಂದು ಹೇಳುವ ಮೂಲ ಪ್ರಮಾಣಪತ್ರ, ಜಿಎಸ್‌ಟಿ ತರಬೇತಿ, ಸಭಾಂಗಣ ಬಾಡಿಗೆ, ಇಂಥ ಸದಸ್ಯರಿಗಷ್ಟೇ ಸಿಗುವ ಸವಲತ್ತುಗಳ ದುಡ್ಡೇ ಆಕ್ಷೇಪಣೆಯ ಕಡತವನ್ನೂ ಸಾಕುತ್ತದೆ. ವರ್ಷಾವಾರು ಲೆಕ್ಕಪತ್ರ ಮತ್ತು ಆಡಳಿತ ಮಂಡಳಿ ಪಟ್ಟಿ ನೋಂದಣಾಧಿಕಾರಿಗೆ ಹೋಗಿರಬೇಕು. ಇಲ್ಲದಿದ್ದರೆ ಯಾರ ಪರವಾಗಿ ಮಾತಾಡುತ್ತಿದ್ದೀರಿ ಎಂದು ಕೇಳಿದಾಗ ಉತ್ತರ ತಡವರಿಸುತ್ತದೆ.

ಇನ್ನು ಆಕ್ಷೇಪಣೆ. 'ಬೆಲೆ ಏರಿಕೆಯಿಂದ ಸಣ್ಣ ಕೈಗಾರಿಕೆಗಳು ತತ್ತರಿಸಿವೆ, ದರ ಇಳಿಸಿ' ಎಂದು ಬರೆದರೆ ಅದು ಎಣಿಕೆಗೆ ಮಾತ್ರ. ಎಸ್ಕಾಂಗೆ ಬೇಕಾದ ಒಟ್ಟು ಆದಾಯ ಒಂದು ಮೊತ್ತ; ಒಬ್ಬರಿಗೆ ಇಳಿಸಿದರೆ ಇನ್ನೊಬ್ಬರಿಗೆ ಏರಬೇಕು. ಆ ಮೊತ್ತವನ್ನೇ ಪ್ರಶ್ನಿಸಬೇಕು: ವಿತರಣಾ ನಷ್ಟ (ಗ್ರಾಹಕರಿಗೆ ತಲುಪುವ ಮುಂಚೆ ದಾರಿಯಲ್ಲೇ ಸೋರುವ ವಿದ್ಯುತ್) ಆಯೋಗ ಅನುಮೋದಿಸಿದ್ದಕ್ಕಿಂತ ಎಷ್ಟು ಹೆಚ್ಚು? ಮೀಟರಿಲ್ಲದ ಪಂಪ್‌ಸೆಟ್ಟುಗಳ ಬಳಕೆಯನ್ನು ಅಂದಾಜು ಮಾಡಿದ್ದು ಹೇಗೆ? ಕಳೆದ ವರ್ಷದ ವಿದ್ಯುತ್ ಖರೀದಿ ಅಂದಾಜಿಗೂ ವಾಸ್ತವಕ್ಕೂ ಎಷ್ಟು ಅಂತರ? ಅರ್ಜಿಯ ಪುಟ ಸಂಖ್ಯೆ, ಕೋಷ್ಟಕ ಸಂಖ್ಯೆ ನಮೂದಿಸಿ ಕೇಳಿ. ಎಸ್ಕಾಂ ಲಿಖಿತ ಉತ್ತರ ಕೊಡಲೇಬೇಕಾಗುತ್ತದೆ.

ಜೊತೆಗೆ ಸದಸ್ಯರ ಹನ್ನೆರಡು ತಿಂಗಳ ಬಿಲ್ಲು ತರಿಸಿಕೊಳ್ಳಿ. 50 ಎಚ್‌ಪಿ ಮಂಜೂರಾದ ಘಟಕಕ್ಕೆ, ವಿದ್ಯುತ್ ಬಳಸಿದರೂ ಬಿಟ್ಟರೂ ಕಟ್ಟಬೇಕಾದ ಸ್ಥಿರ ಶುಲ್ಕ ಎಚ್‌ಪಿಗೆ 150 ರೂಪಾಯಿ ಎಂದಿಟ್ಟುಕೊಳ್ಳಿ, ತಿಂಗಳಿಗೆ 7,500 ರೂಪಾಯಿ. 3,000 ಯೂನಿಟ್ ಓಡಿದ ತಿಂಗಳು ಯೂನಿಟ್ಟಿಗೆ ಸ್ಥಿರ ಶುಲ್ಕದ ಪಾಲು 2.50 ರೂಪಾಯಿ. ಆರ್ಡರ್ ಇಲ್ಲದೆ 1,200 ಯೂನಿಟ್ಟಿಗೆ ಇಳಿದ ತಿಂಗಳು ಅದೇ ಪಾಲು 6.25 ರೂಪಾಯಿ. ಒಂದು ಪುಟದ ಈ ಲೆಕ್ಕ ಹತ್ತು ಪುಟದ ಗೋಳಿಗಿಂತ ಭಾರ. ಆದರೆ ಇಲ್ಲೇ ಸಂಘದೊಳಗೆ ಜಗಳ ಶುರುವಾಗುವುದೂ ಉಂಟು. ಮೂರು ಪಾಳಿ ಓಡಿಸುವ ಎಚ್‌ಟಿ (ಹೈಟೆನ್ಷನ್) ಗ್ರಾಹಕರಿಗೆ ಯೂನಿಟ್ ದರ ಇಳಿಯಬೇಕು, ಒಂದು ಪಾಳಿಯ ಎಲ್‌ಟಿ (ಲೋಟೆನ್ಷನ್) ಗ್ರಾಹಕರಿಗೆ ಸ್ಥಿರ ಶುಲ್ಕ. ಇದನ್ನು ಕಾರ್ಯಕಾರಿ ಸಮಿತಿಯಲ್ಲೇ ಬಗೆಹರಿಸಿ, ನಡಾವಳಿಯಲ್ಲಿ ಬರೆದುಕೊಂಡು ಹೊರಡಿ. ಆಯೋಗ ನಡೆಸುವ ಸಾರ್ವಜನಿಕ ವಿಚಾರಣೆಯ ಸಭಾಂಗಣದಲ್ಲಿ ಒಂದೇ ಸಂಘದ ಇಬ್ಬರು ಎರಡು ಮಾತಾಡಿದರೆ ಎಸ್ಕಾಂ ವಕೀಲರಿಗೆ ಹಬ್ಬ.

ಆಕ್ಷೇಪಣೆಗೆ ಅಫಿಡವಿಟ್ ಲಗತ್ತಿಸಿ, ಪ್ರಕಟಣೆಯಲ್ಲಿ ಕೇಳಿದಷ್ಟು ಪ್ರತಿ ಆಯೋಗಕ್ಕೆ, ಒಂದು ಪ್ರತಿ ಎಸ್ಕಾಂಗೆ ಕೊಟ್ಟು, ಎರಡೂ ಕಡೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ವಿಚಾರಣೆಯಲ್ಲಿ ಮಾತಾಡಬೇಕೆಂದಿದ್ದರೆ ಅದನ್ನೂ ಅದರಲ್ಲೇ ಬರೆಯಿರಿ. ಮಾತಿಗೆ ಸಿಗುವುದು ಕೆಲವೇ ನಿಮಿಷ. ಅಧ್ಯಕ್ಷರ ಪರಿಚಯ, ಸಂಘದ ಇತಿಹಾಸಕ್ಕೆ ಅದು ಸಾಲುವುದಿಲ್ಲ.

ಬಿಲ್ಲಿನ ಮೇಲಿನ ವಿದ್ಯುತ್ ತೆರಿಗೆ ಮಾತ್ರ ಆಯೋಗದ ಕೈಯಲ್ಲಿಲ್ಲ, ಅದು ಸರ್ಕಾರದ್ದು. ಆ ಬೇಡಿಕೆ ಇಂಧನ ಮತ್ತು ಹಣಕಾಸು ಇಲಾಖೆಗೆ, ಬಜೆಟ್ ಪೂರ್ವ ಸಭೆಗೆ ಹೋಗಬೇಕು. ಎರಡನ್ನೂ ಒಂದೇ ಪತ್ರದಲ್ಲಿ ಕಲಸಿದರೆ ಇಬ್ಬರೂ 'ನಮ್ಮದಲ್ಲ' ಎಂದು ಬದಿಗಿಡುತ್ತಾರೆ.

ಆದೇಶ ಬಂದಾಗ ಮೊದಲು ದರಪಟ್ಟಿ ನೋಡಬೇಡಿ. ಆಕ್ಷೇಪಣೆ, ಎಸ್ಕಾಂ ಉತ್ತರ, ಆಯೋಗದ ಅಭಿಪ್ರಾಯ ಅಚ್ಚಾಗಿರುವ ಭಾಗ ತೆರೆಯಿರಿ. ಆಯೋಗ ಎಸ್ಕಾಂಗೆ ಕೊಟ್ಟ ಒಂದೊಂದು ನಿರ್ದೇಶನಕ್ಕೂ ಗುರುತು ಹಾಕಿ ಕಡತದಲ್ಲಿಡಿ. ಮುಂದಿನ ನವೆಂಬರಿನಲ್ಲಿ 'ಇದನ್ನು ಪಾಲಿಸಿದಿರಾ?' ಎಂಬುದೇ ನಿಮ್ಮ ಮೊದಲ ಪ್ರಶ್ನೆ.